ಅಂಡಾಶಯಕ್ಕೆ ಎಕ್ಸೋಸೋಮ್ ಇಂಜೆಕ್ಷನ್: ದುಡ್ಡು ಕಟ್ಟುವ ಮೊದಲು ತಿಳಿದಿರಬೇಕಾದದ್ದು

ಪ್ರಶ್ನೆ: ನನಗೆ 34 ವರ್ಷ, ಊರು ಗೋಣಿಕೊಪ್ಪದ ಹತ್ತಿರ. ಎರಡು ವರ್ಷದಿಂದ ಮಗುವಿಗಾಗಿ ಪ್ರಯತ್ನಿಸುತ್ತಿದ್ದೇವೆ. ಮುಟ್ಟು 27-28 ದಿನಕ್ಕೆ ಸರಿಯಾಗಿ ಆಗುತ್ತದೆ. ಎಎಂಎಚ್ (ಅಂಡಗಳ ಸಂಗ್ರಹ ಅಂದಾಜಿಸುವ ರಕ್ತಪರೀಕ್ಷೆ) 0.8 ಬಂದಿದೆ. ಒಮ್ಮೆ ಐವಿಎಫ್ ಮಾಡಿಸಿದೆವು. ಮೂರು ಎಗ್ ಸಿಕ್ಕಿದವು, ಒಂದು ಭ್ರೂಣ ಹಾಕಿದರು, ನಿಲ್ಲಲಿಲ್ಲ. ಈಗ ಬೇರೆ ಸೆಂಟರ್‌ನವರು ಅಂಡಾಶಯಕ್ಕೆ ಎಕ್ಸೋಸೋಮ್ ಇಂಜೆಕ್ಷನ್ ಕೊಡುತ್ತೇವೆ, ಹೊಸ ಎಗ್ ಹುಟ್ಟುತ್ತದೆ, ಗುಣಮಟ್ಟವೂ ಸುಧಾರಿಸುತ್ತದೆ ಎನ್ನುತ್ತಿದ್ದಾರೆ. ಐವಿಎಫ್ ಖರ್ಚು ಬೇರೆ. ಮುಂಗಡವನ್ನೂ ಕಟ್ಟಿದ್ದೇವೆ. ಗಂಡನ ರಿಪೋರ್ಟ್ ಎರಡು ವರ್ಷದ ಹಿಂದೆ ಸರಿ ಇತ್ತು. ಈ ಎಕ್ಸೋಸೋಮ್ ಎಂದರೆ ಏನು, ಮಾಡಿಸಬಹುದೇ? ಕೊಡವರ ಕಕ್ಕಡ ತಿಂಗಳ 18ರಂದು ಪಾಯಸ ಮಾಡುವ ಮದ್ದು ಸೊಪ್ಪು ಬಿಡಬೇಡ ಎಂದು ಅತ್ತೆ ಹೇಳುತ್ತಾರೆ, ಅದರಿಂದ ಏನಾದರೂ ಪ್ರಯೋಜನ ಉಂಟೇ?

ಉತ್ತರ: ದುಡ್ಡು ಕೊಟ್ಟು ಈ ಇಂಜೆಕ್ಷನ್ ಮಾಡಿಸಿಕೊಳ್ಳಬೇಡಿ. ಹಾಗೆಂದು ಎಕ್ಸೋಸೋಮ್ ಬರೀ ಬೂಟಾಟಿಕೆ ಎಂದಲ್ಲ. ನಿಮ್ಮ ಅಂಡಾಶಯದೊಳಗೆ ಅವು ಈಗಲೂ ಕೆಲಸ ಮಾಡುತ್ತಿವೆ, ಅದರ ಮೇಲೆ ಒಳ್ಳೆಯ ಸಂಶೋಧನೆಯೂ ನಡೆದಿದೆ. ತೊಂದರೆ ಇರುವುದು ಇಷ್ಟೇ: ಅಂಡಾಶಯದೊಳಗಿನ ಎಕ್ಸೋಸೋಮ್ ಮೇಲಿನ ಸಂಶೋಧನೆಯನ್ನು ತೋರಿಸಿ, ಅದಕ್ಕೆ ಸಂಬಂಧವೇ ಇಲ್ಲದ ಒಂದು ಬಾಟಲಿಯನ್ನು ಮಾರಲಾಗುತ್ತಿದೆ.

ದೇಹದ ಬಹುತೇಕ ಎಲ್ಲ ಜೀವಕೋಶಗಳೂ ಹೊರಗೆ ಬಿಡುವ, ಕೊಬ್ಬಿನ ಪೊರೆ ಸುತ್ತಿದ ಪುಟ್ಟ ಪೊಟ್ಟಣಗಳು ಎಕ್ಸೋಸೋಮ್‌ಗಳು. ಗಾತ್ರ ಸುಮಾರು 30ರಿಂದ 150 ನ್ಯಾನೊಮೀಟರ್. ಲ್ಯಾಬಿನ ಸಾಧಾರಣ ಮೈಕ್ರೋಸ್ಕೋಪಿನಲ್ಲಿ ಕಾಣುವುದಿಲ್ಲ. 1983ರಲ್ಲಿ ಎಳೆಯ ಕೆಂಪು ರಕ್ತಕಣಗಳಲ್ಲಿ ಇವನ್ನು ಗುರುತಿಸಿದಾಗ, ಕಣ ಬಲಿಯುವಾಗ ಬೇಡವಾದ ಪ್ರೋಟೀನನ್ನು ಆಚೆ ಹಾಕುವ ದಾರಿ ಇದು ಎಂದೇ ಬಹಳ ಕಾಲ ತಿಳಿದಿದ್ದರು. 2007ರಲ್ಲಿ ಸ್ವೀಡನ್ನಿನ ತಂಡವೊಂದು ಈ ಪೊಟ್ಟಣಗಳಲ್ಲಿ ಆರ್‌ಎನ್‌ಎ ಇರುವುದನ್ನೂ ಒಂದು ಜೀವಕೋಶದಿಂದ ಇನ್ನೊಂದಕ್ಕೆ ಹೋಗಿ ಅಲ್ಲಿ ಅದು ಕೆಲಸ ಮಾಡುವುದನ್ನೂ ತೋರಿಸಿತು. ಅಲ್ಲಿಂದ ಈ ಕ್ಷೇತ್ರ ಬೆಳೆಯಿತು.

ಅಂಡಾಶಯದಲ್ಲಿ ಎಕ್ಸೋಸೋಮ್ ಮುಖ್ಯವಾಗಲು ವಿಶೇಷ ಕಾರಣವಿದೆ. ಸ್ಕ್ಯಾನ್ ರಿಪೋರ್ಟಿನಲ್ಲಿ ನೀವು ನೋಡಿರುವ ಫಾಲಿಕಲ್ ಎಂದರೆ ಒಂದು ಅಂಡ, ಅದರ ಸುತ್ತ ಕ್ಯುಮುಲಸ್ ಮತ್ತು ಗ್ರಾನ್ಯುಲೋಸಾ ಜೀವಕೋಶಗಳು, ನಡುವೆ ನೀರು. 18-20 ಮಿ.ಮೀ. ಬೆಳೆದ ಫಾಲಿಕಲ್‌ನಲ್ಲಿ ಮೂರ್ನಾಲ್ಕು ಮಿಲಿಲೀಟರ್ ನೀರಿರುತ್ತದೆ. ಗ್ರಾನ್ಯುಲೋಸಾ ಪದರದೊಳಗೆ ರಕ್ತನಾಳ ಇಲ್ಲ. ಅಂಡಕ್ಕೆ ಬೇಕಾದದ್ದೆಲ್ಲ ಸುತ್ತಲಿನ ಜೀವಕೋಶಗಳ ಮೂಲಕವೇ ಬರಬೇಕು. ಚಿಕ್ಕ ಅಣುಗಳು ಜೀವಕೋಶಗಳ ನಡುವಿನ ಕಿರುಕೊಳವೆಗಳಲ್ಲಿ ನೇರವಾಗಿ ದಾಟುತ್ತವೆ; ಆದರೆ ಆ ದಾರಿಯಲ್ಲಿ ಸುಮಾರು 1000 ಡಾಲ್ಟನ್‌ಗಿಂತ (ಡಾಲ್ಟನ್ ಎಂದರೆ ಅಣುವಿನ ತೂಕದ ಅಳತೆ) ದೊಡ್ಡದು ಸಲೀಸಾಗಿ ಹೋಗದು. ಪ್ರೋಟೀನು, ಜೀನ್‌ಗಳ ಕೆಲಸವನ್ನು ಹತೋಟಿಯಲ್ಲಿಡುವ ಮೈಕ್ರೋ ಆರ್‌ಎನ್‌ಎಗಳಂಥ ದೊಡ್ಡ ಸರಕು ಸಾಗಿಸಲು ಇರುವ ದಾರಿಗಳಲ್ಲಿ ಎಕ್ಸೋಸೋಮ್ ಒಂದು.

2012ರಲ್ಲಿ ಕುದುರೆಯ ಫಾಲಿಕಲ್ ನೀರಿನಲ್ಲಿ, ಆಮೇಲೆ ಹಸು ಮತ್ತು ಮನುಷ್ಯರಲ್ಲಿ ಇವನ್ನು ಬೇರ್ಪಡಿಸಿ ನೋಡಿದ್ದಾರೆ. ಹಸುವಿನ ಕೆಲಸ ಹೆಚ್ಚು ಸ್ಪಷ್ಟ. ಫಾಲಿಕಲ್ ನೀರಿನಿಂದ ತೆಗೆದ ಪೊಟ್ಟಣಗಳನ್ನು ಲ್ಯಾಬಿನ ತಟ್ಟೆಯಲ್ಲಿರುವ ಅಂಡಕ್ಕೆ ಸೇರಿಸಿದರೆ ಅದರ ಸುತ್ತಲಿನ ಕ್ಯುಮುಲಸ್ ಪದರ ಅಂಡೋತ್ಸರ್ಗದ ಮೊದಲು ಆಗುವಂತೆಯೇ ಹಿಗ್ಗುತ್ತದೆ. ಚಿಕ್ಕ ಫಾಲಿಕಲ್‌ನ ಎಕ್ಸೋಸೋಮ್‌ಗಳು ಗ್ರಾನ್ಯುಲೋಸಾ ಜೀವಕೋಶಗಳನ್ನು ಹೆಚ್ಚು ವೃದ್ಧಿಸುವಂತೆ ಮಾಡುತ್ತವೆ, ದೊಡ್ಡದರವು ಅಷ್ಟಾಗಿ ಮಾಡುವುದಿಲ್ಲ. ಇದನ್ನು ಗಮನಿಸಿ: ಒಂದೇ ಅಂಡಾಶಯದಲ್ಲಿ, ಒಂದೇ ತಿಂಗಳಲ್ಲಿ, ಫಾಲಿಕಲ್‌ನ ವಯಸ್ಸಿಗೆ ತಕ್ಕಂತೆ ಪೊಟ್ಟಣದೊಳಗಿನ ಸರಕು ಬದಲಾಗುತ್ತದೆ. ತಾಯಿಯ ವಯಸ್ಸು ಹೆಚ್ಚಾದಂತೆಯೂ ಮೈಕ್ರೋ ಆರ್‌ಎನ್‌ಎಗಳ ಲೆಕ್ಕ ಬದಲಾಗುವುದನ್ನು ಕುದುರೆಗಳಲ್ಲೂ ಮಹಿಳೆಯರಲ್ಲೂ ಕಂಡಿದ್ದಾರೆ.

ಎಕ್ಸೋಸೋಮ್ ಯಾವಾಗಲೂ ಒಳ್ಳೆಯದನ್ನೇ ಹೊರುತ್ತದೆ ಎಂದೂ ಇಲ್ಲ. ಪಿಸಿಒಎಸ್ ಇರುವವರ ಫಾಲಿಕಲ್ ನೀರಿನ ಎಕ್ಸೋಸೋಮ್‌ಗಳು ಗ್ರಾನ್ಯುಲೋಸಾ ಜೀವಕೋಶದಲ್ಲಿ ಉರಿಯೂತದ ಸಂಕೇತ ಎಬ್ಬಿಸುವುದನ್ನು ತೋರಿಸಿದ್ದಾರೆ. ಅಂಡಾಶಯದ ಕ್ಯಾನ್ಸರ್ ಹೊಟ್ಟೆಯೊಳಗೆ ಹರಡುವುದಕ್ಕೂ ಗೆಡ್ಡೆಯ ಎಕ್ಸೋಸೋಮ್‌ಗಳು ದಾರಿ ಮಾಡಿಕೊಡುತ್ತವೆ. ಪೊಟ್ಟಣದ ಗುಣ ಅದನ್ನು ಕಟ್ಟಿದ ಜೀವಕೋಶದ ಗುಣ.

ಗರ್ಭನಾಳ, ಗರ್ಭಕೋಶಗಳಲ್ಲೂ ಇವಕ್ಕೆ ಕೆಲಸವಿದೆ. ಗರ್ಭಕೋಶದ ಒಳಪದರ ಬಿಡುವ ಮೈಕ್ರೋ ಆರ್‌ಎನ್‌ಎ 30ಡಿ ಎಂಬುದನ್ನು ಇನ್ನೂ ಅಂಟಿಕೊಳ್ಳದ ಭ್ರೂಣ ಒಳಗೆ ಎಳೆದುಕೊಳ್ಳುತ್ತದೆ ಎಂದು 2015ರಲ್ಲಿ ತೋರಿಸಿದರು. ಮುಂದೊಂದು ದಿನ ಎಗ್ ತೆಗೆದ ಮೇಲೆ ಈಗ ಚೆಲ್ಲಿಬಿಡುವ ಫಾಲಿಕಲ್ ನೀರನ್ನು ಪರೀಕ್ಷಿಸಿ ಯಾವ ಎಗ್ ಚೆನ್ನಾಗಿದೆ ಎಂದು ಹೇಳಲು ಸಾಧ್ಯವಾಗಬಹುದು. ಈ ವಿದ್ಯೆ ಮೊದಲು ಉಪಯೋಗಕ್ಕೆ ಬರುವುದು ಅಲ್ಲೇ ಎಂಬುದು ನಮ್ಮ ಅಂದಾಜು, ಇಂಜೆಕ್ಷನ್ನಿನಲ್ಲಿ ಅಲ್ಲ.

ಈಗ ಬಾಟಲಿಯ ವಿಷಯ. ನಿಮಗೆ ತೋರಿಸಿರಬಹುದಾದ ‘ಅಂಡಾಶಯ ಮತ್ತೆ ಚಿಗುರಿತು’ ಎಂಬ ಅಧ್ಯಯನಗಳು ಹೆಚ್ಚಿನಂಶ ಇಲಿಗಳ ಮೇಲೆ ಮಾಡಿದವು. ಅವುಗಳ ವಿನ್ಯಾಸ ನೋಡಿ. ಎಳೆಯ ಇಲಿಗೆ ಸೈಕ್ಲೋಫಾಸ್ಫಮೈಡ್ ಅಥವಾ ಸಿಸ್ಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧ ಕೊಟ್ಟು ಗ್ರಾನ್ಯುಲೋಸಾ ಜೀವಕೋಶಗಳು ಸಾಯುವಂತೆ ಮಾಡುತ್ತಾರೆ. ನಂತರ ಹೊಕ್ಕುಳಬಳ್ಳಿಯ ಅಥವಾ ಆಮ್ನಿಯಾಟಿಕ್ ದ್ರವದ ಸ್ಟೆಮ್ ಸೆಲ್‌ಗಳಿಂದ ತೆಗೆದ ಎಕ್ಸೋಸೋಮ್ ಕೊಟ್ಟಾಗ ಆ ಸಾವು ಕಡಿಮೆಯಾಗಿ ಒಂದಷ್ಟು ಫಾಲಿಕಲ್ ಉಳಿಯುತ್ತವೆ. ಇದು ನಿಜವಾದ ಫಲಿತಾಂಶವೇ. ಆದರೆ ಅಲ್ಲಿ ಉಳಿಸಿದ್ದು ವಿಷ ಬಿದ್ದು ಸಾಯುತ್ತಿದ್ದದ್ದನ್ನು. ನಿಮ್ಮ ಅಂಡಾಶಯದಲ್ಲಿ ಏನೂ ವಿಷ ಬಿದ್ದಿಲ್ಲ. ಸಂಗ್ರಹ ನಿಮ್ಮ ವಯಸ್ಸಿನ ಇತರರಿಗಿಂತ ಕಡಿಮೆ ಇದೆ, ಅಷ್ಟೇ. ಅಲ್ಲಿ ಎಕ್ಸೋಸೋಮ್ ಯಾವುದನ್ನು ಉಳಿಸಬೇಕು?

‘ಹೊಸ ಎಗ್ ಹುಟ್ಟುತ್ತದೆ’ ಎಂಬ ಮಾತು ಇನ್ನೂ ದುರ್ಬಲ. ಹುಟ್ಟುವಾಗ ಹೆಣ್ಣುಮಗುವಿನಲ್ಲಿ 10ರಿಂದ 20 ಲಕ್ಷ ಅಂಡಗಳಿರುತ್ತವೆ, ಮೈನೆರೆಯುವಾಗ ಮೂರ್ನಾಲ್ಕು ಲಕ್ಷಕ್ಕೆ ಇಳಿದಿರುತ್ತವೆ, ಆಯುಷ್ಯದಲ್ಲಿ ಬಿಡುಗಡೆಯಾಗುವುದು 400-500. ವಯಸ್ಕ ಅಂಡಾಶಯದಲ್ಲಿ ಅಂಡ ಹುಟ್ಟಿಸುವ ಸ್ಟೆಮ್ ಸೆಲ್ ಇವೆಯೆಂದು 2004ರಲ್ಲಿ ಇಲಿಗಳ ಆಧಾರದ ಮೇಲೆ ಒಂದು ವಾದ ಎದ್ದಿತು. 2020ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಮಹಿಳೆಯರ ಅಂಡಾಶಯದ ಜೀವಕೋಶಗಳನ್ನು ಒಂದೊಂದಾಗಿ ವಿಂಗಡಿಸಿ ನೋಡಿದಾಗ ಅಂಥವು ಸಿಗಲಿಲ್ಲ. ನಿಮ್ಮೂರಿನ ಲೆಕ್ಕದಲ್ಲಿ ಹೇಳುವುದಾದರೆ, ಹೂಮಳೆ ಕಾಫಿ ಗಿಡದಲ್ಲಿ ಆಗಲೇ ಕೂತಿರುವ ಮೊಗ್ಗನ್ನು ಅರಳಿಸುತ್ತದೆ, ಇಲ್ಲದ ಮೊಗ್ಗನ್ನು ತರುವುದಿಲ್ಲ. ಐವಿಎಫ್ ಇಂಜೆಕ್ಷನ್ನೂ ಮಾಡುವುದು ಅಷ್ಟನ್ನೇ.

ಗುಣಮಟ್ಟದ ಮಾತಿಗೆ ಬಂದರೆ, ಎಗ್ ಕೆಡುವ ಮುಖ್ಯ ಕಾರಣ ವರ್ಣತಂತುಗಳ ಲೆಕ್ಕ ತಪ್ಪುವುದು. ವರ್ಣತಂತುಗಳನ್ನು ಜೋಡಿಯಾಗಿ ಹಿಡಿದಿಡುವ ಕೊಹೆಸಿನ್ ಎಂಬ ಪ್ರೋಟೀನು ನೀವು ತಾಯಿಯ ಗರ್ಭದಲ್ಲಿದ್ದಾಗಲೇ ಅಂಡದೊಳಗೆ ಕೂತದ್ದು. ಆಮೇಲೆ ಅದು ಹೊಸದಾಗಿ ತುಂಬುವುದಿಲ್ಲ, ವರ್ಷ ಕಳೆದಂತೆ ಸವೆಯುತ್ತದೆ. ಹೊರಗಿನಿಂದ ಹಾಕಿದ ಯಾವ ಪೊಟ್ಟಣವೂ ಅದನ್ನು ಮತ್ತೆ ಕಟ್ಟಿದ್ದನ್ನು ಯಾರೂ ತೋರಿಸಿಲ್ಲ. ಇದರಲ್ಲಿ ನಿಮಗೊಂದು ಸಮಾಧಾನವೂ ಇದೆ. ಗುಣಮಟ್ಟ ನಿರ್ಧರಿಸುವುದು ಬಹುಪಾಲು ವಯಸ್ಸು, ಎಎಂಎಚ್ ಅಲ್ಲ. 34ರಲ್ಲಿ ಐದನೇ ದಿನದ ಭ್ರೂಣಗಳಲ್ಲಿ ಸುಮಾರು ಮೂರರಲ್ಲಿ ಒಂದಕ್ಕೆ ವರ್ಣತಂತು ದೋಷ. 42ಕ್ಕೆ ಅದು ಮುಕ್ಕಾಲು ಪಾಲಾಗುತ್ತದೆ. ನಿಮಗೆ ಎಗ್ ಕಡಿಮೆ ಸಿಗುತ್ತದೆ, ಆದರೆ ಸಿಗುವುದು 34ರ ಎಗ್.

ಬಾಟಲಿಯಲ್ಲಿ ಏನಿದೆ ಎಂಬುದಂತೂ ದೊಡ್ಡ ಪ್ರಶ್ನೆ. ಲ್ಯಾಬಿನಲ್ಲಿ ಸ್ಟೆಮ್ ಸೆಲ್ ಬೆಳೆಸಿದ ದ್ರವವನ್ನು ಮೊದಲು ಗುರುತ್ವದ 300 ಪಟ್ಟು (300 ಜಿ) ಬಲದಲ್ಲಿ ತಿರುಗಿಸಿ ಜೀವಕೋಶ ತೆಗೆಯುತ್ತಾರೆ, 2000 ಜಿಯಲ್ಲಿ ಸತ್ತ ಕೋಶಗಳ ಚೂರು, 10,000 ಜಿಯಲ್ಲಿ ದಪ್ಪ ಗುಳ್ಳೆಗಳು ಹೋಗುತ್ತವೆ, ಕೊನೆಗೆ 1,00,000 ಜಿಯಲ್ಲಿ ಒಂದು ಗಂಟೆಗೂ ಮೇಲೆ ತಿರುಗಿಸಿದರೆ ತಳದಲ್ಲಿ ಎಕ್ಸೋಸೋಮ್ ಕೂರುತ್ತದೆ. ಬೇಗ ಆಗಲಿ, ಅಗ್ಗ ಆಗಲಿ ಎಂದು ಪಾಲಿಮರ್ ಹಾಕಿ ತಳಕ್ಕೆ ಇಳಿಸುವವರೂ ಉಂಟು. ಆಗ ಎಕ್ಸೋಸೋಮ್ ಜತೆ ಬೇಡದ ಪ್ರೋಟೀನುಗಳೂ ಇಳಿಯುತ್ತವೆ. ಕೋಶ ಬೆಳೆಸಲು ಕರುವಿನ ಸೀರಮ್ ಬಳಸಿದ್ದರೆ ಹಸುವಿನ ಎಕ್ಸೋಸೋಮ್‌ಗಳೂ ಅದರಲ್ಲಿ ಸೇರುತ್ತವೆ. ‘ಒಂದು ವಯಲ್‌ನಲ್ಲಿ ಇಷ್ಟು ಶತಕೋಟಿ ಕಣ’ ಎಂದು ಲೇಬಲ್ಲಿನಲ್ಲಿ ಬರೆದಿರುತ್ತಾರಲ್ಲ, ಕಣ ಎಣಿಸುವ ಯಂತ್ರಕ್ಕೆ ಎಕ್ಸೋಸೋಮ್ ಯಾವುದು, ಅಷ್ಟೇ ಗಾತ್ರದ ಕೊಬ್ಬಿನ ಕಣ ಯಾವುದು ಎಂದು ತಿಳಿಯುವುದಿಲ್ಲ. ಸಿಡಿ9, ಸಿಡಿ63, ಸಿಡಿ81 ಎಂಬ ಗುರುತಿನ ಪ್ರೋಟೀನುಗಳ ಪರೀಕ್ಷೆಯೂ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಚಿತ್ರವೂ ಜತೆಗಿದ್ದರೆ ಮಾತ್ರ ಆ ಸಂಖ್ಯೆಗೆ ಬೆಲೆ.

ಸೋಂಕಿನ ವಿಷಯ ಇನ್ನೂ ಸೂಕ್ಷ್ಮ. ಬ್ಯಾಕ್ಟೀರಿಯಾ ತಡೆಯುವ 0.22 ಮೈಕ್ರಾನ್ ಫಿಲ್ಟರಿನಲ್ಲಿ ಎಕ್ಸೋಸೋಮ್ ದಾಟುತ್ತದೆ. ಹೆಪಟೈಟಿಸ್ ಬಿ, ಎಚ್‌ಐವಿ ವೈರಸ್ಸುಗಳೂ ಅದೇ ಗಾತ್ರದ ಸುಮಾರಿನವು, ಅವೂ ದಾಟುತ್ತವೆ. ಹಾಗಾಗಿ ದಾನಿಯ ರಕ್ತಪರೀಕ್ಷೆಯೇ ಮುಖ್ಯ ಕಾವಲು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರ ಡಿಸೆಂಬರ್‌ನಲ್ಲಿ ಒಂದು ಎಚ್ಚರಿಕೆ ಹೊರಡಿಸಿತು: ನೆಬ್ರಾಸ್ಕದಲ್ಲಿ ಅನುಮತಿಯಿಲ್ಲದ ಎಕ್ಸೋಸೋಮ್ ಉತ್ಪನ್ನ ಪಡೆದ ಹಲವರಿಗೆ ಗಂಭೀರ ತೊಂದರೆಯಾಗಿತ್ತು, ತಾನು ಅನುಮತಿ ಕೊಟ್ಟ ಎಕ್ಸೋಸೋಮ್ ಉತ್ಪನ್ನ ಒಂದೂ ಇಲ್ಲ ಎಂದು ಅದು ಹೇಳಿತು. ಮುಖದ ಕಾಂತಿಗೆ, ಕೂದಲಿಗೆ ಎಂದು ಸಿಗುವ ವಯಲ್‌ಗಳು ಚರ್ಮದ ಮೇಲೆ ಹಚ್ಚಲು ಬಂದಂಥವು. ಅದನ್ನೇ ಸೂಜಿಯಲ್ಲಿ ಅಂಡಾಶಯಕ್ಕೆ ಹಾಕುವುದು ಬೇರೆಯೇ ಮಾತು. ಯೋನಿಯ ಮೂಲಕ ಸೂಜಿ ಹೋಗುವಾಗ ರಕ್ತಸ್ರಾವ, ಸೋಂಕು ಆಗಬಹುದು. ಎಂಡೋಮೆಟ್ರಿಯೋಸಿಸ್‌ನ ಚಾಕೊಲೇಟ್ ಸಿಸ್ಟ್ (ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿದ ಗುಳ್ಳೆ) ಇದ್ದರೆ ಕೀವುಗಟ್ಟುವ ಭಯ ಹೆಚ್ಚು.

ಹಾಗಾದರೆ ‘ಇಂಜೆಕ್ಷನ್ ಆದಮೇಲೆ ಎಎಂಎಚ್ ಏರಿತು, ಗರ್ಭ ನಿಂತಿತು’ ಎನ್ನುವವರು ಸುಳ್ಳು ಹೇಳುತ್ತಾರೆಯೇ? ಹೇಳಬೇಕಾಗಿಲ್ಲ. ಒಬ್ಬರದೇ ಎಎಂಎಚ್ ಒಂದು ತಿಂಗಳಿಂದ ಇನ್ನೊಂದಕ್ಕೆ, ಒಂದು ಲ್ಯಾಬಿನಿಂದ ಇನ್ನೊಂದಕ್ಕೆ ಶೇ. 20ಕ್ಕೂ ಮೇಲೆ ಏರಿಳಿಯಬಹುದು. 0.8 ಇದ್ದದ್ದು 1.0 ಆದರೆ ಅದು ಸುದ್ದಿಯೇ ಅಲ್ಲ. ಮುಟ್ಟು ನಿಂತೇಹೋಗಿ ಅಂಡಾಶಯ ಸೋತವರಲ್ಲೂ ಶೇ. 5-10ರಷ್ಟು ಮಂದಿಗೆ ಯಾವ ಚಿಕಿತ್ಸೆಯೂ ಇಲ್ಲದೆ ಗರ್ಭ ನಿಂತದ್ದುಂಟು. ಇಂಜೆಕ್ಷನ್ ಪಡೆಯದ ಇನ್ನೊಂದು ಗುಂಪನ್ನು ಪಕ್ಕಕ್ಕಿಟ್ಟು ಹೋಲಿಸದೆ, ಯಾವುದರಿಂದ ಏನಾಯಿತು ಎಂದು ಹೇಳಲು ಬರುವುದಿಲ್ಲ.

ಸಂಶೋಧನೆಯ ಭಾಗವಾಗಿ ಕೊಡುತ್ತೇವೆ ಎಂದರೆ ಅದಕ್ಕೆ ಕ್ರಮವಿದೆ. ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಇಂಡಿಯಾದಲ್ಲಿ ನೋಂದಣಿ ಸಂಖ್ಯೆ ಇರಬೇಕು. ‘ಸಿಟಿಆರ್‌ಐ’ ಎಂದು ಶುರುವಾಗಿ ವರ್ಷ, ತಿಂಗಳು, ಕ್ರಮಸಂಖ್ಯೆ ಬರುತ್ತದೆ, ಯಾರು ಬೇಕಾದರೂ ಆ ಜಾಲತಾಣದಲ್ಲಿ ಹುಡುಕಬಹುದು. ನೈತಿಕ ಸಮಿತಿಯ ಅನುಮತಿ ಪತ್ರ, ತೊಂದರೆಯಾದರೆ ಪರಿಹಾರ ಯಾರು ಕೊಡುತ್ತಾರೆ ಎಂಬ ಬರಹ ಇರಬೇಕು. ಪ್ರಯೋಗದ ಔಷಧಕ್ಕೆ ನಿಮ್ಮಿಂದಲೇ ಹಣ ಕೇಳಿದರೆ ಅಲ್ಲೇ ಅನುಮಾನಪಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ, ರಕ್ತದ ಕಾಯಿಲೆಗಳ ಅಸ್ಥಿಮಜ್ಜೆ ಕಸಿಯಂಥ ಒಪ್ಪಿತ ಬಳಕೆ ಬಿಟ್ಟರೆ, ಸ್ಟೆಮ್ ಸೆಲ್ ಚಿಕಿತ್ಸೆಯನ್ನು ಟ್ರಯಲ್‌ನ ಹೊರಗೆ ಕೊಡಬಾರದು ಎನ್ನುತ್ತದೆ. ‘ಇದು ಸೆಲ್ ಅಲ್ಲ, ಎಕ್ಸೋಸೋಮ್’ ಎಂಬ ಜಾಣತನ ನಡೆದರೂ ಅದರಿಂದ ಬಾಟಲಿ ಸುರಕ್ಷಿತವಾಗುವುದಿಲ್ಲ.

ನೀವು ಮಾಡಬೇಕಾದದ್ದು ಬೇರೆ ಇದೆ, ಅದರಲ್ಲಿ ಮೊದಲನೆಯದು ನಿಮ್ಮದಲ್ಲ, ಗಂಡನದು. ಎರಡು ವರ್ಷದ ಹಿಂದಿನ ವೀರ್ಯ ರಿಪೋರ್ಟ್ ಇಂದಿಗೆ ಉಪಯೋಗವಿಲ್ಲ. ಎರಡರಿಂದ ಏಳು ದಿನ ಸಂಪರ್ಕವಿಲ್ಲದೆ ಇದ್ದು ಮಾದರಿ ಕೊಡಬೇಕು, ಒಂದು ಗಂಟೆಯೊಳಗೆ ಪರೀಕ್ಷೆ ಶುರುವಾಗಬೇಕು. ಮನೆಯಲ್ಲಿ ತೆಗೆದು ಮಳೆಗಾಲದ ಚಳಿಯಲ್ಲಿ ಜೀಪಿನಲ್ಲಿ ಮಡಿಕೇರಿಗೋ ಮೈಸೂರಿಗೋ ಒಯ್ದರೆ ಚಲನೆ ಕಡಿಮೆ ಎಂದೇ ಬರುತ್ತದೆ, ಲ್ಯಾಬಿನಲ್ಲೇ ಕೊಡಲಿ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೆಳಮಿತಿ: ಪ್ರತಿ ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು, ಒಟ್ಟು ಚಲನೆ ಶೇ. 42, ಸರಿಯಾದ ಆಕಾರ ಶೇ. 4. ಹಿಂದಿನ ಎರಡು ಮೂರು ತಿಂಗಳಲ್ಲಿ ಜೋರು ಜ್ವರ ಬಂದಿದ್ದರೆ ಅದನ್ನು ಹೇಳಿ, ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು.

ನಿಮಗೆ: ಎಎಂಎಚ್ ಇನ್ನೊಮ್ಮೆ, ಆದಷ್ಟು ಅದೇ ಲ್ಯಾಬಿನಲ್ಲಿ. ಯಾವ ದಿನವಾದರೂ ಆದೀತು. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಎಎಂಎಚ್ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಕೂದಲಿಗೆಂದು ಬಯೋಟಿನ್ ನುಂಗುತ್ತಿದ್ದರೆ ಲ್ಯಾಬಿಗೆ ತಿಳಿಸಿ, ಮೂರು ದಿನ ಮೊದಲೇ ನಿಲ್ಲಿಸಿ, ಕೆಲವು ಕಿಟ್‌ಗಳ ಲೆಕ್ಕವನ್ನೇ ಅದು ತಪ್ಪಿಸುತ್ತದೆ. ಮುಟ್ಟಿನ ಎರಡು ಅಥವಾ ಮೂರನೇ ದಿನ ಎಫ್‌ಎಸ್‌ಎಚ್ ಮತ್ತು ಎಸ್ಟ್ರಾಡಿಯೋಲ್ ಎಂಬ ಹಾರ್ಮೋನ್ ಪರೀಕ್ಷೆ ಎರಡೂ ಮಾಡಿಸಿ. ಎಸ್ಟ್ರಾಡಿಯೋಲ್ ಹೆಚ್ಚಿದ್ದಾಗ ಎಫ್‌ಎಸ್‌ಎಚ್ ಸುಳ್ಳು ಸಮಾಧಾನ ಕೊಡುತ್ತದೆ, ಆದ್ದರಿಂದ ಒಂದನ್ನೇ ನೋಡಬಾರದು. ಅದೇ ದಿನ ಟ್ರಾನ್ಸ್‌ವೆಜೈನಲ್ ಸ್ಕ್ಯಾನ್‌ನಲ್ಲಿ ಎರಡೂ ಕಡೆಯ 2ರಿಂದ 10 ಮಿ.ಮೀ. ಫಾಲಿಕಲ್ ಎಣಿಸಲಿ. ಥೈರಾಯ್ಡ್‌ನ ಟಿಎಸ್‌ಎಚ್ ಪರೀಕ್ಷೆಯೂ ಇರಲಿ. ತಾಯಿಗೋ ಅಕ್ಕತಂಗಿಯರಿಗೋ 40ರ ಒಳಗೆ ಮುಟ್ಟು ನಿಂತಿದ್ದರೆ ಎಫ್‌ಎಂಆರ್1 ಜೀನ್ ಪರೀಕ್ಷೆಯ ಬಗ್ಗೆ ಕೇಳಿ.

ಗರ್ಭನಾಳ ತೆರೆದಿದೆಯೇ ಎಂದು ಹಿಂದೆ ನೋಡಿದ್ದಾರೆಯೇ? ನಾಳ, ವೀರ್ಯ ಎರಡೂ ಸರಿ ಇದ್ದರೆ 0.8 ಎಂಬ ಸಂಖ್ಯೆಗೆ ಹೆದರಿ ಸಹಜ ಪ್ರಯತ್ನ ಬಿಡಬೇಡಿ. 2017ರಲ್ಲಿ 30ರಿಂದ 44 ವರ್ಷದ 750 ಮಹಿಳೆಯರ ಒಂದು ಅಮೆರಿಕನ್ ಅಧ್ಯಯನದಲ್ಲಿ ಎಎಂಎಚ್ 0.7ಕ್ಕಿಂತ ಕಡಿಮೆ ಇದ್ದವರಿಗೂ ಹೆಚ್ಚಿದ್ದವರಿಗೂ ಸಹಜವಾಗಿ ಗರ್ಭ ನಿಲ್ಲುವ ಸಾಧ್ಯತೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಅವರು ಬಂಜೆತನದ ಇತಿಹಾಸ ಇಲ್ಲದವರು, ನಿಮಗೆ ಎರಡು ವರ್ಷ ಕಳೆದಿದೆ, ಅದನ್ನು ಮರೆಯಬಾರದು. ಹಾಗಾಗಿ ಕಾಯುತ್ತ ಕೂರುವ ಸಲಹೆ ನಮ್ಮದಲ್ಲ.

ಹಿಂದಿನ ಐವಿಎಫ್‌ನ ಪೂರ್ತಿ ದಾಖಲೆ ತರಿಸಿಕೊಳ್ಳಿ. ಬರವಣಿಗೆಯಲ್ಲಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯರ ನೀತಿಸಂಹಿತೆ ಹೇಳುತ್ತದೆ. ಅದರಲ್ಲಿ ನೋಡಬೇಕಾದದ್ದು: ದಿನಕ್ಕೆ ಎಷ್ಟು ಯೂನಿಟ್ ಇಂಜೆಕ್ಷನ್ ಕೊಟ್ಟರು, ಟ್ರಿಗರ್ (ಎಗ್ ಬಲಿಯಲೆಂದು ಕೊನೆಗೆ ಕೊಡುವ ಇಂಜೆಕ್ಷನ್) ದಿನ 14 ಮಿ.ಮೀ.ಗೂ ಮೇಲಿನ ಫಾಲಿಕಲ್ ಎಷ್ಟಿದ್ದವು, ಸಿಕ್ಕ ಮೂರರಲ್ಲಿ ಬಲಿತದ್ದು ಎಷ್ಟು, ಫಲಿತವಾದದ್ದು ಎಷ್ಟು, ಭ್ರೂಣ ಯಾವ ದಿನದ್ದು. ಆರು ಫಾಲಿಕಲ್ ಇದ್ದು ಮೂರೇ ಎಗ್ ಸಿಕ್ಕಿದ್ದರೆ ಟ್ರಿಗರ್ ಸಮಯದ ಮೇಲೆ ಸಂಶಯ ಬರುತ್ತದೆ. ಟ್ರಿಗರ್ ಆಗಿ 34-36 ಗಂಟೆಗೆ ಎಗ್ ತೆಗೆಯಬೇಕು. ರಾತ್ರಿ 10ಕ್ಕೆ ಹಾಕಬೇಕಾದ್ದನ್ನು ಮನೆಯಲ್ಲಿ ಕರೆಂಟಿಲ್ಲ, ನರ್ಸ್ ಬರಲಿಲ್ಲ ಎಂದು 12ಕ್ಕೆ ಹಾಕಿದರೆ ಎಗ್ ಬಲಿಯದೆ ಉಳಿಯಬಹುದು. ಮೂರೇ ಫಾಲಿಕಲ್ ಇದ್ದು ಮೂರೂ ಸಿಕ್ಕಿದ್ದರೆ 0.8ಕ್ಕೆ ಅದು ನಿರೀಕ್ಷಿತವೇ. ಆಗ ದಿನಕ್ಕೆ 300 ಯೂನಿಟ್‌ಗಿಂತ ಮೇಲೆ ಏರಿಸಿಯೂ ಲಾಭವಿಲ್ಲ. ನಿಮ್ಮಂಥವರಿಗೆ ನಮಗೆ ಸರಿಕಾಣುವ ದಾರಿ, ಎಕ್ಸೋಸೋಮಿಗೆ ಇಟ್ಟ ಹಣದಲ್ಲಿ ಹತ್ತಿರ ಹತ್ತಿರವೇ ಎರಡು ಸಲ ಎಗ್ ತೆಗೆಸಿ, ಭ್ರೂಣಗಳನ್ನು ಫ್ರೀಜ್ ಮಾಡಿಟ್ಟು, ಆಮೇಲೆ ಹಾಕಿಸುವುದು. ಲೆಕ್ಕ ಸರಳ: ಎಗ್ ಹೆಚ್ಚಿದ್ದಷ್ಟು ಒಳ್ಳೆಯ ಭ್ರೂಣ ಸಿಗುವ ಸಾಧ್ಯತೆ ಹೆಚ್ಚು.

ಗೋಣಿಕೊಪ್ಪದಿಂದ ಹೋಗಿಬರುವವರಿಗೆ ಎರಡು ಮಾತು. ಸ್ಕ್ಯಾನ್ ಎರಡನೇ ದಿನ ಒಮ್ಮೆ, ಆರನೇ ದಿನದ ಸುಮಾರಿಗೆ ಒಮ್ಮೆ, ಆಮೇಲೆ ಒಂದು ದಿನ ಬಿಟ್ಟು ಒಂದು ದಿನ ಇರುತ್ತದೆ. ಕೊನೆಯ ನಾಲ್ಕೈದು ದಿನ ಮೈಸೂರಿನಲ್ಲೇ ನೆಂಟರ ಮನೆಯಲ್ಲಿ ಉಳಿಯುವುದು ಲೇಸು. ಇಂಜೆಕ್ಷನ್‌ಗಳಲ್ಲಿ ಹಲವನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗುವ ಮನೆಯಾದರೆ ಲೇಬಲ್ ನೋಡಿ, ಹೊರಗಿಡಬಹುದಾದದ್ದನ್ನೇ ಬರೆದುಕೊಡಲು ಮೊದಲೇ ಕೇಳಿ. ಫ್ರಿಜ್ಜಿನ ಫ್ರೀಜರಿನಲ್ಲಿ ಮಾತ್ರ ಯಾವುದನ್ನೂ ಇಡಬೇಡಿ.

ಮದ್ದು ಸೊಪ್ಪಿನ ಪಾಯಸ ಕುಡಿಯಿರಿ, ಅತ್ತೆಗೂ ಸಂತೋಷವಾಗುತ್ತದೆ. ಎಎಂಎಚ್‌ಗೆ ಅದರಿಂದ ಏರಿಕೆಯಾಗಲಿ ಇಳಿಕೆಯಾಗಲಿ ಆಗುತ್ತದೆ ಎಂದು ಯಾರೂ ತೋರಿಸಿಲ್ಲ. ಐವಿಎಫ್ ಇಂಜೆಕ್ಷನ್ ನಡೆಯುವ ದಿನಗಳಲ್ಲಿ ಅದು ಬಿದ್ದರೆ ಡಾಕ್ಟರಿಗೆ ಹೇಳಿ ಕುಡಿಯಿರಿ. ಬೆಲ್ಲದ ಕಾಫಿಯ ಲೆಕ್ಕ ಮಾತ್ರ ಇಡಿ. ನಿಮ್ಮ ತೋಟದ್ದು ರೊಬಸ್ಟಾ ಆಗಿದ್ದರೆ ಅರಾಬಿಕಾಗಿಂತ ಸುಮಾರು ಎರಡರಷ್ಟು ಕೆಫೀನ್ ಇರುತ್ತದೆ. ಗರ್ಭಿಣಿಗೆ ದಿನಕ್ಕೆ 200 ಮಿ.ಗ್ರಾಂ. ಮಿತಿ, ಪ್ರಯತ್ನದಲ್ಲಿರುವಾಗಲೂ ಅದನ್ನೇ ಇಟ್ಟುಕೊಳ್ಳಿ. ಫೋಲಿಕ್ ಆ್ಯಸಿಡ್ ದಿನಕ್ಕೆ 400 ಮೈಕ್ರೋಗ್ರಾಂ ಈಗಿಂದಲೇ ಶುರುವಾಗಲಿ.

ಕಟ್ಟಿದ ಮುಂಗಡದ ಬಗ್ಗೆ: ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಲ್ಲವಾದರೆ ಹಾಕಬೇಡಿ. ಉತ್ಪನ್ನದ ಹೆಸರು, ಬ್ಯಾಚ್ ನಂಬರ್, ತಯಾರಕರು, ಭಾರತದಲ್ಲಿ ಈ ಬಳಕೆಗೆ ಇರುವ ಅನುಮತಿ ಅಥವಾ ಸಿಟಿಆರ್‌ಐ ಸಂಖ್ಯೆ, ಇಷ್ಟನ್ನು ಇಮೇಲ್‌ನಲ್ಲೋ ವಾಟ್ಸ್‌ಆ್ಯಪ್‌ನಲ್ಲೋ ಕೇಳಿ. ಬಾಯಿಮಾತಿನ ಉತ್ತರ ಬೇಡ. ಬರದಿದ್ದರೆ ಅದೇ ಕಾರಣ ಬರೆದು ಹಣ ವಾಪಸು ಕೇಳಿ, ರಸೀದಿಯ ಫೋಟೊ ಸೇರಿಸಿ. ಕೊಡದೆ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ದಾಖಲಿಸಿ, ಅದರಲ್ಲೂ ಆಗದಿದ್ದರೆ ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗವಿದೆ. ನೀವಿರುವ ಜಿಲ್ಲೆಯಲ್ಲೇ ದೂರು ಕೊಡಲು 2019ರ ಕಾಯ್ದೆ ಅವಕಾಶ ಕೊಟ್ಟಿದೆ, ಸೆಂಟರ್ ಬೇರೆ ಊರಿನಲ್ಲಿದ್ದರೂ ಸರಿ.